ಗಾನತಪಸ್ವಿನಿ ಜೆನ್ನಿ ಲಿಂಡ್

ಇಂಪಾಗಿ ಹಾಡುವವರನ್ನು ಕಂಡಾಗ ಅವರಿಗೆ ಒಳ್ಳೆಯ ಶಾರೀರವಿದೆಯೆಂದು ನಮ್ಮ ಹಿರಿಯರು ಹೇಳುವುದುಂಟು. ಇದು ಶಾಸ್ತ್ರದಿಂದ ಬಂದ ಮಾತು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಇದರ ಲಕ್ಷಣವನ್ನು ನಿರೂಪಿಸಿದ್ದಾನೆ. ಅಭ್ಯಾಸದ ಬಲವಿಲ್ಲದಿದ್ದರೂ ರಾಗವನ್ನು ಪ್ರಕಟಗೊಳಿಸಬಲ್ಲ, ದೇಹದೊಡನೆಯೇ ಹುಟ್ಟಿಬಂದ ಧ್ವನಿಶಕ್ತಿಗೆ ಆತನು ಶಾರೀರವೆಂದು ಹೆಸರಿಟ್ಟನು. ಅಂತಹ ಶಾರೀರವು ದೊರೆಯುವುದಕ್ಕೆ ಕಾರಣಗಳನ್ನು ಹೇಳುವಾಗ ವಿದ್ಯಾದಾನ, ತಪಸ್ಸು, ಶಿವಭಕ್ತಿ, ಭಾಗ್ಯ ಇವುಗಳನ್ನು ಎಣಿಸಿದನು. ಹುಟ್ಟಿನೊಡನೆ ಬರುವ ವಸ್ತುವಿಗೆ ದಾನವೂ ತಪಸ್ಸೂ ಹೇಗೆ ಕಾರಣವಾದಾವೆಂಬ ಸಂದೇಹವು ವಿದ್ಯಾರ್ಥಿದೆಸೆಯಲ್ಲಿ ನನ್ನನ್ನು ಬಹಳ ಕಾಡುತ್ತಿದ್ದಿತು. ಅದು ಪೂರ್ವಜನ್ಮದ ಮಾತೆಂದು ಗುರುಗಳು ಸಮಾಧಾನ ಹೇಳಿದ್ದರು. ಎಷ್ಟೋ ವರ್ಷಗಳ ಮೇಲೆ ಸ್ವೀಡನ್ ದೇಶದ ಗಾಯಕಿಯೊಬ್ಬಳ ಜೀವನವೃತ್ತಾಂತವನ್ನು ಓದಿದಾಗ, ಇವೆಲ್ಲವೂ ಒಂದೇ ಜನ್ಮದಲ್ಲಿಯೂ ಕೂಡಿಬರಬಲ್ಲವೆಂದು ನನಗೆ ತೋರಿತು. ಆಕೆ ಹುಟ್ಟಿನಿಂದ ಬಂದ ಕಂಠವನ್ನು ಇಪ್ಪತ್ತರ ಪ್ರಾಯದಲ್ಲಿ ಕಳೆದುಕೊಂಡಳು. ತಪಸ್ಸಿನಿಂದ ಇನ್ನೊಂದು ಕಂಠವನ್ನು ಸಂಪಾದಿಸಿದಳು. ಆ ಕಂಠವು ತಂದುಕೊಟ್ಟ ಐಶ್ವರ್ಯವನ್ನು ವಿದ್ಯಾದಾನಕ್ಕೆ ವಿನಿಯೋಗಿಸಿದಳು. ವಿದ್ಯಾಸಂಸ್ಥೆಯೊಂದರ ಸ್ಮರಣಸಂಪುಟದಲ್ಲಿ ಅಂತಹವಳ ಕಥೆಗೆ ಸ್ಥಳವಿರುವುದು ಉಚಿತವೆಂದು ಭಾವಿಸಿ ಈ ಲೇಖನವನ್ನು ಸಹೃದಯರ ಮುಂದಿಡುತ್ತಿದ್ದೇನೆ.

ಆಕೆಯ ಹೆಸರು ಜೆನ್ನಿ ಲಿಂಡ್. ಜನರು ಆಕೆಯನ್ನು ಸ್ವೀಡನ್ನಿನ ನೈಟಿಂಗೇಲ್ ಎಂದು ಕರೆದರು. ನಮ್ಮ ನಾಡಿನಲ್ಲಾಗಿದ್ದರೆ ಕೋಗಿಲೆಯೆನ್ನುತ್ತಿದ್ದರು. ಆಕೆ ಒಪೆರಾ ಗಾಯಕಿ. ಒಪೆರಾ ಎಂದರೆ ಬಹುಮಟ್ಟಿಗೆ ಹಾಡಿನಲ್ಲಿಯೇ ನಡೆಯುವ ನಾಟಕ. ಉತ್ತರ ಕರ್ನಾಟಕದ ವೃತ್ತಿನಾಟಕ ಕಂಪನಿಗಳ ರಂಗಗೀತೆಗಳನ್ನು ಕೇಳಿದ ಹಿರಿಯರಿಗೆ ಇದರ ಕಲ್ಪನೆಯು ಸುಲಭವಾಗಿ ಬಂದೀತು. ನಮ್ಮ ಕಂಪನಿ ನಾಟಕಗಳಲ್ಲಿ ಮಾತಿನ ನಡುವೆ ಹಾಡು ಬರುತ್ತಿದ್ದಿತು. ಒಪೆರಾದಲ್ಲಿ ಪಾತ್ರಗಳ ಸಂವಾದವೂ ಹೆಚ್ಚಾಗಿ ಹಾಡೇ. ರಂಗದ ಮುಂದೆ ಹತ್ತಾರು ವಾದ್ಯಗಳ ಮೇಳವಿರುತ್ತದೆ. ಎದುರಿಗೆ ಸಾವಿರಾರು ಪ್ರೇಕ್ಷಕರಿರುತ್ತಾರೆ. ಧ್ವನಿವರ್ಧಕದ ನೆರವಿಲ್ಲದೆ, ಆ ವಾದ್ಯಘೋಷವನ್ನು ದಾಟಿ, ಕಟ್ಟಕಡೆಯ ಆಸನದಲ್ಲಿ ಕುಳಿತವನ ಕಿವಿಗೂ ಪಿಸುಮಾತಿನಷ್ಟು ಮೃದುವಾದ ಸ್ವರವನ್ನು ಮುಟ್ಟಿಸಬೇಕು, ಜೊತೆಗೆ ಅಭಿನಯಿಸಬೇಕು, ಅದೂ ಮೂರು ನಾಲ್ಕು ಗಂಟೆಗಳ ಕಾಲ. ಕೇವಲ ಕೊರಳಿನ ಬಲದಿಂದ ಇದನ್ನು ಸಾಧಿಸಹೊರಟವನ ಕೊರಳು ಬಹುಕಾಲ ಉಳಿಯಲಾರದು. ಉಸಿರಿನ ಮೇಲೆ ಪ್ರಭುತ್ವವನ್ನು ಸಂಪಾದಿಸಿದವನಿಗೆ ಮಾತ್ರ ಆ ಕಲೆ ವಶವಾಗುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದಿನ ಕಥೆಯು ಸುಲಭವಾಗಿ ಅರ್ಥವಾಗುವುದು.

ಬಾಲ್ಯ

ಜೆನ್ನಿ ಲಿಂಡ್ ಹುಟ್ಟಿದುದು ೧೮೨೦ನೆಯ ಇಸವಿ ಅಕ್ಟೋಬರ್ ೬ರಂದು, ಸ್ವೀಡನ್ನಿನ ರಾಜಧಾನಿಯಾದ ಸ್ಟಾಕ್‌ಹೋಮ್ ನಗರದಲ್ಲಿ. ತಂದೆ ಲೆಕ್ಕಪತ್ರ ಬರೆಯುವ ವೃತ್ತಿಯವನು. ತಾಯಿ ಮನೆಯಲ್ಲಿಯೇ ಹೆಣ್ಣುಮಕ್ಕಳಿಗಾಗಿ ಚಿಕ್ಕ ಶಾಲೆಯೊಂದನ್ನು ನಡೆಸುತ್ತಿದ್ದವಳು. ಮಗು ಹುಟ್ಟಿದಾಗ ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲ. ತಾಯಿಯು ಮೊದಲ ಪತಿಯಿಂದ ವಿಚ್ಛೇದನ ಪಡೆದಿದ್ದರೂ, ಆತನು ಬದುಕಿರುವವರೆಗೆ ಮರುವಿವಾಹವಾಗುವುದಕ್ಕೆ ಆಕೆಯ ಧರ್ಮಶ್ರದ್ಧೆಯು ಒಪ್ಪಲಿಲ್ಲ. ಅವರು ಮದುವೆಯಾದಾಗ ಜೆನ್ನಿಗೆ ಹದಿನಾಲ್ಕು ವರ್ಷ. ಬಡತನ, ಲೋಕಾಪವಾದ, ತಾಯಿಯ ಕಟುಸ್ವಭಾವ ಇವುಗಳ ನಡುವೆ ಆ ಮಗು ಬೆಳೆಯಿತು. ಮೊದಲ ಕೆಲವು ವರ್ಷಗಳು ನಗರದ ಹೊರವಲಯದ ಹಳ್ಳಿಯೊಂದರಲ್ಲಿ, ಪರರ ಮನೆಯಲ್ಲಿಯೇ ಕಳೆದವು. ಅನಂತರ ಅಜ್ಜಿಯ ಆಸರೆ ದೊರೆಯಿತು.

ಒಂಬತ್ತನೆಯ ವಯಸ್ಸಿನಲ್ಲಿ ಆಕೆಯ ಬದುಕಿಗೆ ತಿರುವು ಬಂದಿತು. ಅಜ್ಜಿಯ ಮನೆಯ ಕಿಟಕಿಯ ಬಳಿ ಕುಳಿತು ತನ್ನ ಮುದ್ದಿನ ಬೆಕ್ಕಿಗೆ ಹಾಡು ಹೇಳುವುದು ಆ ಬಾಲೆಯ ವಾಡಿಕೆಯಾಗಿದ್ದಿತು. ಆ ಬೀದಿಯಲ್ಲಿ ಹೋಗುತ್ತಿದ್ದ ಸೇವಕಿಯೊಬ್ಬಳು ಅದನ್ನು ಕೇಳಿ ಬೆರಗಾಗಿ ತನ್ನ ಒಡತಿಗೆ ತಿಳಿಸಿದಳು. ಒಡತಿಯು ರಾಜರಂಗಮಂದಿರದ ಪ್ರಮುಖ ನರ್ತಕಿ. ಆಕೆ ಮಗುವನ್ನು ಕರೆಯಿಸಿ, ಹಾಡಿಸಿ, ರಂಗಮಂದಿರದ ಸಂಗೀತಶಿಕ್ಷಕರ ಬಳಿಗೆ ಕಳುಹಿಸಿದಳು. ಇಷ್ಟು ಚಿಕ್ಕ ಮಗುವನ್ನು ಸೇರಿಸಿಕೊಳ್ಳುವುದು ಹೇಗೆಂದು ಅಧಿಕಾರಿಗಳು ಮೊದಲು ಹಿಂಜರಿದರಾದರೂ ಹಾಡನ್ನು ಕೇಳಿದ ಮೇಲೆ ಅವರ ಆಕ್ಷೇಪವು ನಿಲ್ಲಲಿಲ್ಲ. ೧೮೩೦ರಲ್ಲಿ ಜೆನ್ನಿ ಆ ರಂಗಮಂದಿರದ ಶಾಲೆಗೆ ಸೇರಿದಳು. ಅನ್ನ, ವಸ್ತ್ರ, ಸಂಗೀತ, ನೃತ್ಯ, ವಾಚನ ಇವೆಲ್ಲವೂ ರಂಗಮಂದಿರದ ವೆಚ್ಚದಲ್ಲಿಯೇ ನಡೆಯತಕ್ಕವು. ಒಂದು ವಿಶಾಲ ದೃಷ್ಟಿಯಿಂದ ನೋಡಿದರೆ ಇದು ಮಹೋಪಕಾರ. ಬಡಮಗುವೊಂದು ಸಾರ್ವಜನಿಕ ದ್ರವ್ಯದಿಂದ ವಿದ್ಯೆ ಕಲಿತುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಉಪಕಾರಕ್ಕೆ ಇನ್ನೊಂದು ಮುಖವೂ ಇದ್ದಿತು. ರಂಗಮಂದಿರವು ತಾನು ಮಾಡಿದ ವೆಚ್ಚವನ್ನು ಮಗುವಿನ ಸೇವೆಯಿಂದ ಹಿಂದಕ್ಕೆ ಪಡೆಯತೊಡಗಿತು. ಹತ್ತನೆಯ ವಯಸ್ಸಿಗೇ ಆಕೆಯನ್ನು ರಂಗದ ಮೇಲೆ ನಿಲ್ಲಿಸಿದರು. ಬಾಲಪಾತ್ರಗಳಲ್ಲಿ ಆಕೆ ಊರಿನವರ ಮೆಚ್ಚಿನ ಮಗುವಾದಳು. ಹನ್ನೆರಡರ ಸುಮಾರಿಗೆ ಧ್ವನಿಯು ಕೈಕೊಟ್ಟು ಕೆಲವು ಕಾಲ ಹಾಡುವುದನ್ನೇ ನಿಲ್ಲಿಸಬೇಕಾಯಿತು. ಅದು ಪ್ರಕೃತಿಯು ಕೊಟ್ಟ ಮೊದಲ ಎಚ್ಚರಿಕೆ. ಧ್ವನಿಯು ಮರಳಿ ಬಂದಿತಾದ್ದರಿಂದ ಎಲ್ಲರೂ ಆ ಎಚ್ಚರಿಕೆಯನ್ನು ಮರೆತರು.

೧೮೩೮ನೆಯ ಮಾರ್ಚ್ ೭ರಂದು, ಹದಿನೇಳು ವರ್ಷದ ಜೆನ್ನಿ ಜರ್ಮನಿಯ ಸಂಗೀತರಚನಕಾರ ವೆಬರನ ಡೆರ್ ಫ್ರೈಶುಟ್ಸ್ ಎಂಬ ಒಪೆರಾದಲ್ಲಿ ಅಗಾಥೆಯೆಂಬ ನಾಯಿಕೆಯ ಪಾತ್ರವನ್ನು ವಹಿಸಿದಳು. ಆ ರಾತ್ರಿ ತನಗೊಂದು ಶಕ್ತಿಯಿದೆಯೆಂಬುದು ಆಕೆಗೆ ಪ್ರಥಮತಃ ಅರಿವಾಯಿತು. ಆ ದಿನವನ್ನು ಆಕೆ ಜೀವಮಾನವೆಲ್ಲ ಎರಡನೆಯ ಹುಟ್ಟುಹಬ್ಬದಂತೆ ಆಚರಿಸುತ್ತಿದ್ದಳು. ಮುಂದಿನ ಮೂರು ವರ್ಷಗಳಲ್ಲಿ ಒಂದಾದ ಮೇಲೊಂದು ಗುರುತರವಾದ ಪಾತ್ರಗಳು ಬಂದವು. ಇಪ್ಪತ್ತನೆಯ ವಯಸ್ಸಿಗೆ ಆಕೆ ರಾಜಗಾಯಕಿಯೆಂಬ ಬಿರುದನ್ನೂ ಸ್ವೀಡನ್ನಿನ ರಾಜಸಂಗೀತ ಅಕಾಡೆಮಿಯ ಸದಸ್ಯತ್ವವನ್ನೂ ಪಡೆದಳು. ಇಡೀ ದೇಶದಲ್ಲಿ ಆಕೆಗೆ ಸಮಾನರಿರಲಿಲ್ಲ.

ಕಂಠಭಂಗ

ಇಂತಹ ವೈಭವದ ಕಾಲದಲ್ಲಿಯೇ ಕಂಠವು ಕುಗ್ಗತೊಡಗಿತು. ಮೇಲಿನ ಸ್ವರಗಳು ಇನ್ನೂ ಬರುತ್ತಿದ್ದವು. ನಡುವಿನ ಸ್ವರಗಳು ಒಡೆದು, ಉಸಿರು ಸೋರಿದಂತೆ ಕೇಳುತ್ತಿದ್ದವು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಬಲಿಯದ ಕೊರಳಿಗೆ ಬಲಿತವರ ಹೊರೆಯನ್ನು ಹೊರಿಸಿದ್ದರು. ಮಗುವಿಗೆ ಹಾಡುಗಳನ್ನು ಕಲಿಸಿದ್ದರೇ ಹೊರತು ಹಾಡುವ ಕ್ರಮವನ್ನು ಬುಡದಿಂದ ಕಲಿಸಿರಲಿಲ್ಲ. ಆಕೆ ತನ್ನ ಹುಟ್ಟುಶಕ್ತಿಯ ಬಂಡವಾಳವನ್ನೇ ವ್ಯಯಮಾಡುತ್ತ ಬಂದಿದ್ದಳು. ಆ ಬಂಡವಾಳ ತೀರುತ್ತ ಬಂದಿತು.

ಇಲ್ಲಿ ಜೆನ್ನಿ ಲಿಂಡಳ ವ್ಯಕ್ತಿತ್ವದ ಹಿರಿಮೆ ಕಾಣುತ್ತದೆ. ಆಕೆಯ ಸ್ಥಾನದಲ್ಲಿದ್ದ ಬೇರೆಯವರು ದೊರೆತ ಕೀರ್ತಿಯಲ್ಲಿ ತೃಪ್ತರಾಗಿ, ಕುಂದನ್ನು ಮರೆಮಾಚುತ್ತ, ಇನ್ನೈದಾರು ವರ್ಷ ಹೇಗೋ ನಡೆಸುತ್ತಿದ್ದರು. ಚಪ್ಪಾಳೆಗೇನೂ ಕೊರತೆಯಿರಲಿಲ್ಲ. ಆದರೆ ಆಕೆಯ ಕಿವಿ ಚಪ್ಪಾಳೆಯಿಂದ ಮೋಸಹೋಗಲಿಲ್ಲ. ತನಗೆ ವಿದ್ಯೆ ಸಾಲದೆಂದು ಆಕೆ ತಾನೇ ತೀರ್ಮಾನಿಸಿದಳು. ತಂದೆಯೊಡನೆ ಸ್ವೀಡನ್ನಿನ ಊರೂರು ಸುತ್ತಿ, ಕಛೇರಿಗಳನ್ನು ಮಾಡಿ, ದಾರಿಯ ವೆಚ್ಚಕ್ಕೂ ಗುರುದಕ್ಷಿಣೆಗೂ ಹಣವನ್ನು ಕೂಡಿಸಿದಳು. ದಣಿದ ಕಂಠವನ್ನು ಆ ಸಂಚಾರವು ಮತ್ತಷ್ಟು ದಣಿಸಿರಬೇಕು. ೧೮೪೧ರ ಬೇಸಿಗೆಯಲ್ಲಿ ಆಕೆ ಗುರುವನ್ನು ಅರಸಿ ಪ್ಯಾರಿಸ್ ನಗರಕ್ಕೆ ಹೊರಟಳು.

ಗುರು

ಆ ಗುರು ಮ್ಯಾನುಯೆಲ್ ಗಾರ್ಸಿಯಾ. ೧೮೦೫ರಲ್ಲಿ ಹುಟ್ಟಿ ೧೯೦೬ರವರೆಗೆ, ನೂರು ವರ್ಷಗಳನ್ನು ದಾಟಿ ಬಾಳಿದ ಸ್ಪ್ಯಾನಿಷ್ ವಂಶದ ಈ ಮಹನೀಯನು ಗಾಯಕರ ಮನೆತನದಲ್ಲಿ ಜನಿಸಿದವನು. ತಂದೆಯೂ ಅದೇ ಹೆಸರಿನ ಪ್ರಖ್ಯಾತ ಗಾಯಕ. ಸೋದರಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪೋಲಿನ್ ವಿಯಾರ್ದೋ ಜಗದ್ವಿಖ್ಯಾತರು. ಗಾರ್ಸಿಯಾ ಸ್ವತಃ ರಂಗದ ಮೇಲೆ ಹೆಚ್ಚು ಕಾಲ ನಿಲ್ಲಲಿಲ್ಲ. ಬೋಧನೆಯನ್ನೇ ವ್ರತವಾಗಿ ಸ್ವೀಕರಿಸಿದನು. ಕಂಠದ ರಚನೆಯನ್ನು ವೈದ್ಯರಂತೆ ಪರಿಶೀಲಿಸಿ, ೧೮೪೦ರಲ್ಲಿಯೇ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಮಾನವಧ್ವನಿಯನ್ನು ಕುರಿತ ಪ್ರಬಂಧವನ್ನು ಒಪ್ಪಿಸಿದ್ದನು. ಮುಂದೆ ೧೮೫೪ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿನೊಳಗಿಟ್ಟು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕನ್ನು ಅದರ ಮೇಲೆ ಹಾಯಿಸಿ, ಹಾಡುತ್ತಿರುವಾಗ ಧ್ವನಿತಂತುಗಳು ಚಲಿಸುವ ಬಗೆಯನ್ನು ಕಣ್ಣಾರೆ ಕಂಡನು. ಗಂಟಲಿನ ವೈದ್ಯಶಾಸ್ತ್ರವು ಇಂದಿಗೂ ಈ ಸಂಗೀತದ ಮೇಷ್ಟರಿಗೆ ಋಣಿಯಾಗಿದೆ.

ಗಾರ್ಸಿಯಾನ ಮುಂದೆ ಜೆನ್ನಿ ಹಾಡಿದಳು. ಹಾಡುತ್ತ ಹಾಡುತ್ತ ಧ್ವನಿಯು ನಡುವೆಯೇ ಮುರಿಯಿತು. ಆತನ ತೀರ್ಪು ನಿಷ್ಠುರವಾಗಿದ್ದಿತು. ಕಲಿಸಿ ಪ್ರಯೋಜನವಿಲ್ಲ, ಕಲಿಸಬೇಕಾದ ಕಂಠವೇ ಉಳಿದಿಲ್ಲವೆಂದು ಆತನು ಹೇಳಿದನು. ಸ್ವದೇಶದಲ್ಲಿ ರಾಜಸನ್ಮಾನ ಪಡೆದು ಬಂದ ತರುಣಿಗೆ ಇದು ಸಿಡಿಲಿನ ಪೆಟ್ಟು. ಕಣ್ಣೀರಿಡುತ್ತ ಆಕೆ ದಾರಿಯನ್ನು ಬೇಡಿದಾಗ, ವಾರಗಟ್ಟಲೆ ಬಾಯಿಬಿಟ್ಟು ಹಾಡಕೂಡದು, ಮಾತನ್ನೂ ಆದಷ್ಟು ಕಡಿಮೆಮಾಡತಕ್ಕದ್ದು, ಆಮೇಲೆ ಬಂದರೆ ನೋಡೋಣವೆಂದು ಆತನು ವಿಧಿಸಿದನು.

ವಾಚಕರು ಈ ಸ್ಥಿತಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಪರದೇಶ, ಪರಭಾಷೆ, ಒಂಟಿತನ. ಹಾಡುವುದೇ ಉಸಿರಾಗಿದ್ದವಳಿಗೆ ಹಾಡಿನ ನಿಷೇಧ. ಕಂಠವು ಮರಳಿ ಬರುವುದೆಂಬ ಭರವಸೆಯನ್ನು ಕೊಡುವವರು ಯಾರೂ ಇಲ್ಲ. ನಮ್ಮ ಸಂಪ್ರದಾಯದಲ್ಲಿ ಮೌನವು ವ್ರತಗಳಲ್ಲಿ ಒಂದೆನಿಸಿದೆ. ಆ ವ್ರತದ ಹೆಸರನ್ನೂ ಕೇಳಿರದ ಜೆನ್ನಿ ಲಿಂಡ್ ಅದನ್ನು ಅಕ್ಷರಶಃ ಪಾಲಿಸಿದಳು. ಅವಧಿ ಮುಗಿದ ಮೇಲೆ ಗಾರ್ಸಿಯಾ ಮತ್ತೊಮ್ಮೆ ಪರೀಕ್ಷಿಸಿ, ಸುಧಾರಣೆಯ ಚಿಹ್ನೆಯನ್ನು ಕಂಡು, ಶಿಷ್ಯೆಯಾಗಿ ಸ್ವೀಕರಿಸಿದನು.

ಪಾಠವು ಮೊದಲ ಸ್ವರದಿಂದ ಆರಂಭವಾಯಿತು. ಮೂರು ವರ್ಷ ನಾಯಿಕೆಯಾಗಿ ಮೆರೆದವಳು ನಮ್ಮ ಮಕ್ಕಳು ಸರಳೆವರಿಸೆಯನ್ನು ಸಾಧಿಸುವಂತೆ ಸ್ವರಗಳನ್ನು ಏರಿಸಿ ಇಳಿಸಿ, ಅತ್ಯಂತ ವಿಳಂಬದಲ್ಲಿ, ದಿನಕ್ಕೆ ಹಲವು ಗಂಟೆಗಳ ಕಾಲ ಸಾಧಿಸತೊಡಗಿದಳು. ಸದ್ದಿಲ್ಲದೆ ಉಸಿರನ್ನು ಎಳೆದುಕೊಳ್ಳುವುದು, ಎಳೆದ ಉಸಿರನ್ನು ಎಳೆಎಳೆಯಾಗಿ ವ್ಯಯಮಾಡುವುದು, ಎದೆಯ ಧ್ವನಿಯಿಂದ ತಲೆಯ ಧ್ವನಿಗೆ ಏರುವಾಗ ಬೆಸುಗೆ ಕಾಣದಂತೆ ದಾಟುವುದು, ಒಂದೇ ಸ್ವರವನ್ನು ಮೆಲ್ಲಗೆ ಹಿಗ್ಗಿಸಿ ಮೆಲ್ಲಗೆ ಕುಗ್ಗಿಸುವುದು, ಎರಡು ಸ್ವರಗಳ ನಡುವಿನ ಕಂಪನವನ್ನು ಮೊದಲು ನಿಧಾನವಾಗಿ ಬಿಡಿಸಿ ಬಿಡಿಸಿ ಕಲಿಯುವುದು ಇವೇ ಪಾಠಗಳು. ಹಾಡಲು ಸಾಲಂಕಾರ ಗೀತೆಗಳಿಲ್ಲ, ಕೇಳಿ ಮೆಚ್ಚಲು ಜನರಿಲ್ಲ. ಹೀಗೆ ಹತ್ತು ತಿಂಗಳುಗಳು ಸಂದವು. ಅಷ್ಟರಲ್ಲಿ ಕಂಠವು ಮರಳಿ ಬಂದುದಷ್ಟೇ ಅಲ್ಲದೆ, ಹಿಂದೆಂದೂ ಇಲ್ಲದ ವಿಸ್ತಾರವನ್ನೂ ದಾರ್ಢ್ಯವನ್ನೂ ಪಡೆಯಿತು. ಮಧ್ಯದ ಕೆಲವು ಸ್ವರಗಳ ಮೇಲೆ ಮಾತ್ರ ಒಂದು ತೆಳುವಾದ ಮಂಜಿನ ತೆರೆ ಜೀವಮಾನವೆಲ್ಲ ಉಳಿಯಿತೆಂದು ಸೂಕ್ಷ್ಮಜ್ಞರು ಗುರುತಿಸಿದ್ದಾರೆ. ವಾಸಿಯಾದ ಗಾಯಕ್ಕೂ ಕಲೆಯುಳಿಯುವುದು ಲೋಕಧರ್ಮವಷ್ಟೆ.

ಕೀರ್ತಿ

೧೮೪೨ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ, ಬರಿದಾದ ಆಸನಗಳ ಮುಂದೆ, ರಚನಕಾರ ಮೇಯರ್‌ಬೇರನಿಗೆ ಆಕೆ ಹಾಡಿ ತೋರಿಸಿದಳು. ಅಲ್ಲಿ ಉದ್ಯೋಗವೇನೂ ದೊರೆಯಲಿಲ್ಲ. ಅದೇ ಅಕ್ಟೋಬರ್ ೧೦ರಂದು ಸ್ಟಾಕ್‌ಹೋಮಿನ ರಂಗದ ಮೇಲೆ ಆಕೆ ಬೆಲ್ಲಿನಿಯ ನಾರ್ಮಾ ಒಪೆರಾದಲ್ಲಿ ಮತ್ತೆ ಕಾಣಿಸಿಕೊಂಡಳು. ದೇಶವನ್ನು ಬಿಡುವ ಮುನ್ನ ಹಾಡಿದ್ದ ಪಾತ್ರವೇ ಅದು. ಅಂದಿನ ಗಾಯನವನ್ನೂ ಇಂದಿನ ಗಾಯನವನ್ನೂ ಜನರೇ ಹೋಲಿಸಿ ನೋಡುವುದಕ್ಕೆ ಅವಕಾಶವಾಯಿತು.

ಆಮೇಲಿನ ದಿಗ್ವಿಜಯವನ್ನು ವಿಸ್ತರಿಸುವ ಅಗತ್ಯವಿಲ್ಲ. ೧೮೪೩ರಲ್ಲಿ ಡೆನ್ಮಾರ್ಕಿನಲ್ಲಿ ಹಾಡಿದಾಗ ಕಥೆಗಾರ ಹ್ಯಾನ್ಸ್ ಆಂಡರ್ಸನ್ ಆಕೆಯ ಗಾಯನಕ್ಕೂ ಗುಣಕ್ಕೂ ಮನಸೋತನು. ಆತನು ಬರೆದ ನೈಟಿಂಗೇಲ್ ಹಕ್ಕಿಯ ಕಥೆಗೆ ಆಕೆಯೇ ಸ್ಫೂರ್ತಿಯೆಂದು ಹೇಳುವುದುಂಟು. ಪ್ಯಾರಿಸ್ಸಿನಲ್ಲಿ ಆಕೆಯನ್ನು ಪರೀಕ್ಷಿಸಿದ್ದ ಮೇಯರ್‌ಬೇರನೇ ೧೮೪೪ರಲ್ಲಿ ಬರ್ಲಿನ್ನಿಗೆ ಕರೆಯಿಸಿಕೊಂಡನು. ಮೆಂಡೆಲ್‌ಸನ್ ಎಂಬ ಮಹಾಸಂಗೀತಜ್ಞನ ಸ್ನೇಹವು ಲಭಿಸಿತು. ತನ್ನ ಎಲಿಜಾ ಎಂಬ ಭಕ್ತಿಕಾವ್ಯಗಾಯನದ ಸ್ತ್ರೀಕಂಠದ ಭಾಗವನ್ನು ಆತನು ಈಕೆಯ ಧ್ವನಿಯನ್ನು ನೆನೆದೇ ರಚಿಸಿದನು. ೧೮೪೭ರ ಮೇ ೪ರಂದು ಲಂಡನ್ನಿನಲ್ಲಿ ರಾಣಿ ವಿಕ್ಟೋರಿಯಾಳ ಸಮಕ್ಷಮದಲ್ಲಿ ಪ್ರಥಮ ಪ್ರದರ್ಶನವಾಯಿತು. ಅದೇ ವರ್ಷ ಜುಲೈ ೨೨ರಂದು ಇಟಲಿಯ ವರ್ಡಿ ತನ್ನ ಹೊಸ ಒಪೆರಾ ಇ ಮಸ್ನಾದಿಯೇರಿಯನ್ನು ಲಂಡನ್ನಿನಲ್ಲಿ ತಾನೇ ನಿಂತು ನಡೆಸಿದಾಗ ನಾಯಿಕೆಯಾದವಳು ಜೆನ್ನಿ ಲಿಂಡ್.

ಆಕೆಯಲ್ಲಿ ದೋಷಗಳೇ ಇರಲಿಲ್ಲವೆಂದು ಹೇಳಿದರೆ ಅದು ಚರಿತ್ರೆಯಾಗದೆ ಸ್ತೋತ್ರವಾದೀತು. ಲಂಡನ್ನಿನ ಬೇರೊಂದು ರಂಗಮಂದಿರದ ವ್ಯವಸ್ಥಾಪಕನಿಗೆ ಬರೆದುಕೊಟ್ಟ ಕರಾರನ್ನು ಆಕೆ ಪಾಲಿಸಲಿಲ್ಲ. ಆತನು ದಾವೆ ಹೂಡಲಾಗಿ ನ್ಯಾಯಾಲಯವು ೨,೫೦೦ ಪೌಂಡುಗಳ ಪರಿಹಾರವನ್ನು ವಿಧಿಸಿತು. ಅಪರಿಚಿತರೊಡನೆ ಆಕೆಯ ನಡವಳಿಕೆಯು ಬಿಗಿಯಾಗಿದ್ದಿತು. ರಂಗಕ್ಕೆ ಹೋಗುವ ಮುನ್ನ ಭಯದಿಂದ ನಡುಗುತ್ತಿದ್ದಳು. ಈ ಭಯವೂ ರಂಗಜೀವನದ ಬಗ್ಗೆ ಆಕೆಯ ಧಾರ್ಮಿಕ ಮನಸ್ಸಿನಲ್ಲಿದ್ದ ಶಂಕೆಯೂ ಸೇರಿ, ೧೮೪೯ರ ಮೇ ೧೦ರಂದು, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆಕೆ ಒಪೆರಾ ರಂಗಕ್ಕೆ ಶಾಶ್ವತವಾಗಿ ವಿದಾಯ ಹೇಳಿದಳು. ಉತ್ತುಂಗದಲ್ಲಿದ್ದಾಗ ಇಳಿದುಬರುವ ಧೈರ್ಯ ಎಷ್ಟು ಜನರಿಗಿದೆ? ಅಂದಿನಿಂದ ಆಕೆ ಕಛೇರಿಗಳಲ್ಲಿಯೂ ಭಕ್ತಿಸಂಗೀತದ ಸಭೆಗಳಲ್ಲಿಯೂ ಮಾತ್ರ ಹಾಡಿದಳು.

ದಾನ

ಜೆನ್ನಿ ಲಿಂಡಳ ಔದಾರ್ಯವು ಆಕೆಯ ಕೀರ್ತಿಯೊಡನೆಯೇ ಬೆಳೆದು ಬಂದಿತು. ೧೮೪೫ರಲ್ಲಿ ಲೈಪ್‌ಜಿಗ್ಗಿನ ವಾದ್ಯಮೇಳದವರ ವಿಧವೆಯರ ನಿಧಿಗಾಗಿ ಸಂಭಾವನೆಯಿಲ್ಲದೆ ಹಾಡಿದಳು. ಇಂಗ್ಲೆಂಡಿನ ನಾರಿಚ್ ನಗರದಲ್ಲಿ ೧೮೪೯ರಲ್ಲಿ ಮಾಡಿದ ಕಛೇರಿಗಳ ಹಣದಿಂದ ೧೮೫೪ರಲ್ಲಿ ರೋಗಪೀಡಿತ ಮಕ್ಕಳ ಆಸ್ಪತ್ರೆಯೊಂದು ತೆರೆಯಿತು. ಆ ಊರಿನ ಮಕ್ಕಳ ಆಸ್ಪತ್ರೆಯು ಇಂದಿಗೂ ಆಕೆಯ ಹೆಸರನ್ನು ಹೊತ್ತಿದೆ. ೧೮೪೭ರ ನವೆಂಬರಿನಲ್ಲಿ ಮೆಂಡೆಲ್‌ಸನ್ ಅಕಾಲಮರಣಕ್ಕೆ ತುತ್ತಾದಾಗ ದುಃಖದಿಂದ ಬಹುಕಾಲ ಆತನ ಕೃತಿಗಳನ್ನು ಹಾಡಲಾರದೆ ಹೋದಳು. ಮರುವರ್ಷದ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಎಲಿಜಾವನ್ನು ಹಾಡಿ, ಬಂದ ಸುಮಾರು ೧,೦೦೦ ಪೌಂಡುಗಳನ್ನು ಆತನ ಹೆಸರಿನ ವಿದ್ಯಾರ್ಥಿವೇತನಕ್ಕೆ ಮೂಲಧನವಾಗಿ ಕೊಟ್ಟಳು. ೧೮೫೬ರಲ್ಲಿ ಅದನ್ನು ಮೊದಲು ಪಡೆದ ಬಾಲಕ ಆರ್ಥರ್ ಸಲಿವನ್. ಮುಂದೆ ಆತನು ಇಂಗ್ಲೆಂಡಿನ ಮನೆಮಾತಾದ ಸಂಗೀತರಚನಕಾರನಾದನು.

ಈ ದಾನಗಳೆಲ್ಲಕ್ಕೂ ಶಿಖರಪ್ರಾಯವಾದುದು ಅಮೆರಿಕೆಯ ಪ್ರವಾಸ. ಪ್ರದರ್ಶನ ವ್ಯಾಪಾರದಲ್ಲಿ ನಿಪುಣನಾದ ಬಾರ್ನಮ್ ಎಂಬಾತನು ೧೫೦ ಕಛೇರಿಗಳಿಗಾಗಿ, ಕಛೇರಿಯೊಂದಕ್ಕೆ ೧,೦೦೦ ಡಾಲರುಗಳಂತೆ ಕರಾರು ಮಾಡಿಕೊಂಡನು. ಹಿಂದೆ ಕರಾರಿನಿಂದ ಪೆಟ್ಟು ತಿಂದಿದ್ದ ಜೆನ್ನಿ ಈ ಸಲ ಎಚ್ಚರಿಕೆಯಿಂದ, ೧,೮೭,೫೦೦ ಡಾಲರುಗಳನ್ನು ಮುಂಗಡವಾಗಿ ಲಂಡನ್ನಿನ ಬ್ಯಾಂಕಿನಲ್ಲಿ ಇಡಿಸಿದ ಮೇಲೆಯೇ ಹಡಗು ಹತ್ತಿದಳು. ತನ್ನ ನಾಡಿನ ಬಡಮಕ್ಕಳಿಗೆ ಶುಲ್ಕವಿಲ್ಲದ ಶಾಲೆಗಳನ್ನು ಸ್ಥಾಪಿಸಬೇಕೆಂಬ ಸಂಕಲ್ಪವೇ ಆಕೆ ಈ ಪ್ರವಾಸವನ್ನು ಒಪ್ಪಿಕೊಳ್ಳುವುದಕ್ಕೆ ಕಾರಣ. ೧೮೫೦ರ ಸೆಪ್ಟೆಂಬರ್ ೧ರಂದು ನ್ಯೂಯಾರ್ಕಿನ ಬಂದರಿನಲ್ಲಿ ಇಳಿದಾಗ ಸಾವಿರಾರು ಜನರು ಮುತ್ತಿದರು. ಟಿಕೆಟುಗಳನ್ನು ಹರಾಜು ಹಾಕಿದರು. ಟೋಪಿ ವ್ಯಾಪಾರಿಯೊಬ್ಬನು ಮೊದಲನೆಯ ಟಿಕೆಟಿಗೆ ೨೨೫ ಡಾಲರು ಕೊಟ್ಟನು. ಸೆಪ್ಟೆಂಬರ್ ೧೧ರ ಮೊದಲನೆಯ ಕಛೇರಿಯಿಂದ ತನ್ನ ಪಾಲಿಗೆ ಬಂದ ಸುಮಾರು ೧೦,೦೦೦ ಡಾಲರುಗಳನ್ನು ಆಕೆ ಆ ನಗರದ ಧರ್ಮಸಂಸ್ಥೆಗಳಿಗೇ ಹಂಚಿದಳು. ಬಾರ್ನಮ್ಮನ ಅಬ್ಬರದ ಪ್ರಚಾರವು ಮನಸ್ಸಿಗೆ ಒಗ್ಗದಿರಲು ೧೮೫೧ರಲ್ಲಿ ಆತನಿಂದ ಬೇರೆಯಾಗಿ, ತಾನೇ ಪ್ರವಾಸವನ್ನು ಮುಂದುವರಿಸಿದಳು. ೧೮೫೨ರ ಫೆಬ್ರವರಿ ೫ರಂದು ಬಾಸ್ಟನ್ ನಗರದಲ್ಲಿ, ತನಗೆ ಪಿಯಾನೋ ನುಡಿಸುತ್ತಿದ್ದ ಓಟ್ಟೋ ಗೋಲ್ಡ್‌ಷ್ಮಿಟ್‌ನನ್ನು ವರಿಸಿದಳು. ಆ ವರ್ಷವೇ ಯೂರೋಪಿಗೆ ಮರಳುವ ಹೊತ್ತಿಗೆ ಆಕೆಯ ಗಳಿಕೆಯು ಸುಮಾರು ೩,೫೦,೦೦೦ ಡಾಲರು. ಅದು ದಾನಕ್ಕೆ, ಮುಖ್ಯವಾಗಿ ಸ್ವೀಡನ್ನಿನ ಉಚಿತ ಶಾಲೆಗಳಿಗೆ ಮೀಸಲಾಯಿತು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬುದು ನಮ್ಮ ಶರಣರು ತೋರಿದ ದಾರಿ. ಅವರ ಹೆಸರನ್ನು ಅರಿಯದ ದೂರದ ಹೆಣ್ಣುಮಗಳೊಬ್ಬಳು ಅದೇ ದಾರಿಯಲ್ಲಿ ನಡೆದಳೆಂಬುದು ನಮಗೆ ಸಂತೋಷದ ಸಂಗತಿ.

ಗುರುಪದವಿ

ಮುಂದೆ ಆಕೆಯ ಸಂಸಾರವು ಇಂಗ್ಲೆಂಡಿನಲ್ಲಿ ನೆಲೆಸಿತು. ಪತಿಯು ಲಂಡನ್ನಿನ ಬಾಖ್ ಗಾಯನವೃಂದದ ಮೊದಲನೆಯ ನಿರ್ದೇಶಕನಾದನು. ೧೮೭೬ರ ಏಪ್ರಿಲಿನಲ್ಲಿ ಆ ವೃಂದವು ಬಾಖನ ಬಿ ಮೈನರ್ ಮಾಸ್ ಎಂಬ ಮಹಾಕೃತಿಯನ್ನು ಇಂಗ್ಲೆಂಡಿನಲ್ಲಿ ಪ್ರಥಮವಾಗಿ ಸಮಗ್ರವಾಗಿ ಹಾಡಿತು. ಒಂದು ಕಾಲಕ್ಕೆ ಟಿಕೆಟಿಗೆ ನೂರಾರು ಡಾಲರು ಬೆಲೆ ತಂದ ಜೆನ್ನಿ ಲಿಂಡ್ ಅಂದು ಸ್ತ್ರೀಯರ ಸಾಲಿನಲ್ಲಿ ಒಬ್ಬಳಾಗಿ ನಿಂತು, ಅವರಿಗೆ ಹಾಡುವ ಕ್ರಮವನ್ನು ತಿದ್ದಿಕೊಡುತ್ತ ವೃಂದಗಾಯನದಲ್ಲಿ ಕೂಡಿದಳು.

೧೮೮೩ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಆರಂಭವಾದಾಗ ಗಾಯನದ ಪ್ರಾಧ್ಯಾಪಕಿಯಾಗಿ ಬಂದವಳೂ ಆಕೆಯೇ. ತನ್ನ ವಿದ್ಯಾರ್ಥಿನಿಯರಿಗೆ ಬರಿಯ ಗಾಯನ ಸಾಲದೆಂದು ಆಕೆ ಪಟ್ಟುಹಿಡಿದಳು. ಸ್ವರಜ್ಞಾನ, ಪಿಯಾನೋ, ಸ್ವರಮೇಳಶಾಸ್ತ್ರ, ಸ್ಪಷ್ಟೋಚ್ಚಾರ, ನಿಲುವು ನಡಿಗೆಗಳ ಶಿಸ್ತು, ಒಂದಾದರೂ ಪರಭಾಷೆ ಇವೆಲ್ಲವೂ ಬರಬೇಕು. ತನಗೆ ಬಾಲ್ಯದಲ್ಲಿ ದೊರೆಯದೆ ಹೋದ ಬುನಾದಿಯನ್ನು ಇತರರ ಮಕ್ಕಳಿಗೆ ಹಾಕಿಕೊಡುವ ಹಂಬಲವನ್ನು ಇದರಲ್ಲಿ ಕಾಣಬಹುದು. ಇಂದಿನ ಒಪೆರಾ ಶಿಕ್ಷಣವೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿ ಸಾಗುತ್ತಿದೆ. ಸಂಗೀತಶಾಲೆಯಲ್ಲಿ ವರ್ಷಗಟ್ಟಲೆ ಕಂಠಸಾಧನೆ. ಇಟಾಲಿಯನ್, ಜರ್ಮನ್, ಫ್ರೆಂಚ್ ಭಾಷೆಗಳ ಅಭ್ಯಾಸ. ಆಮೇಲೆ ರಂಗಮಂದಿರದ ಆಶ್ರಯದಲ್ಲಿ ಸಣ್ಣಪುಟ್ಟ ಪಾತ್ರಗಳು. ಕಂಠ ಬಲಿತ ಮೇಲೆಯೇ ಭಾರವಾದ ಪಾತ್ರಗಳು. ಹದಿಹರೆಯದ ಕೊರಳಿಗೆ ನಾರ್ಮಾದಂತಹ ಹೊರೆಯನ್ನು ಹೊರಿಸುವುದಕ್ಕೆ ವಿವೇಕಿಯಾದ ಯಾವ ಶಿಕ್ಷಕನೂ ಇಂದು ಒಪ್ಪುವುದಿಲ್ಲ.

೧೮೮೭ರ ನವೆಂಬರ್ ೨ರಂದು, ಅರುವತ್ತೇಳನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನ ಮಾಲ್ವರ್ನ್ ಬೆಟ್ಟಗಳ ತಪ್ಪಲಿನ ಮನೆಯಲ್ಲಿ ಜೆನ್ನಿ ಲಿಂಡ್ ದೇಹವನ್ನು ಬಿಟ್ಟಳು. ಸಂಪತ್ತಿನ ಗಣನೀಯ ಭಾಗವನ್ನು ಸ್ವೀಡನ್ನಿನ ಬಡವಿದ್ಯಾರ್ಥಿಗಳ ವ್ಯಾಸಂ‌ಗಕ್ಕೆಂದು ಬರೆದಿಟ್ಟಿದ್ದಳು. ೧೮೯೪ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆಕೆಯ ಸ್ಮಾರಕಫಲಕವನ್ನು ಸ್ಥಾಪಿಸಿದರು. ೧೯೯೬ರಿಂದ ಸುಮಾರು ಎರಡು ದಶಕಗಳ ಕಾಲ ಸ್ವೀಡನ್ನಿನ ೫೦ ಕ್ರೋನ ನೋಟಿನ ಮೇಲೆ ಆಕೆಯ ಚಿತ್ರವು ಅಚ್ಚಾಗುತ್ತಿದ್ದಿತು. ಗುರುವಾದ ಗಾರ್ಸಿಯಾ ಶಿಷ್ಯೆಯ ಮರಣಾನಂತರವೂ ಹದಿನೆಂಟು ವರ್ಷಗಳಿಗೆ ಮಿಕ್ಕಿ ಜೀವಿಸಿದ್ದನು. ಆಕೆಯ ಕಂಠವನ್ನು ಕೇಳುವ ಭಾಗ್ಯವು ನಮಗಿಲ್ಲ. ಯಾವ ಧ್ವನಿಮುದ್ರಿಕೆಯೂ ಉಳಿದುಬಂದಿಲ್ಲ. ಅಷ್ಟು ಪ್ರಯಾಸದಿಂದ ಗಳಿಸಿದ ನಾದವು ಗಾಳಿಯಲ್ಲಿ ಕರಗಿಹೋಯಿತು. ಅದರಿಂದ ಹುಟ್ಟಿದ ವಿದ್ಯಾದಾನ ಮಾತ್ರ ಉಳಿಯಿತು.

ಉಪಸಂಹಾರ

ಈ ಕಥೆಯನ್ನು ಇಷ್ಟಕ್ಕೇ ಮುಗಿಸಬಹುದಾಗಿದ್ದಿತು. ಆದರೆ ಶಿಕ್ಷಕನಾದ ನನಗೆ ಇದನ್ನು ಓದಿದಾಗಲೆಲ್ಲ ನೆನಪಾಗುವ ಬಾಲಕನೊಬ್ಬನಿದ್ದಾನೆ. ನಾನು ಅಧ್ಯಾಪನಕ್ಕೆ ತೊಡಗಿದ ಆರಂಭದ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಅಪೂರ್ವವಾದ ಶಾರೀರವುಳ್ಳ ಹುಡುಗನಿದ್ದನು. ಪ್ರಾರ್ಥನೆಗೆ ಅವನೇ, ಸ್ವಾಗತಗೀತೆಗೆ ಅವನೇ, ಅತಿಥಿಗಳು ಬಂದರೂ ಅವನೇ, ಸ್ನೇಹಸಮ್ಮೇಳನದಲ್ಲಿಯೂ ಅವನೇ. ಧ್ವನಿ ಒಡೆಯುವ ವಯಸ್ಸು ಬಂದು ಅವನ ಕೊರಳು ಕರಕರಗುಟ್ಟತೊಡಗಿತು. ಒಂದು ಸಮಾರಂಭದ ದಿನ ಅವನು ನನ್ನ ಬಳಿಗೆ ಬಂದು ಹಾಡಲಾರೆನೆಂದು ಬೇಡಿಕೊಂಡನು. ಮುಖ್ಯ ಅತಿಥಿಗಳು ಬಂದಾಗಿದೆಯೆಂಬ ಆತುರದಲ್ಲಿ ನಾನೇ ಅವನನ್ನು ವೇದಿಕೆಗೆ ತಳ್ಳಿದೆನು. ಹಾಡು ನಡುವೆಯೇ ಮುರಿಯಿತು, ಸಭೆಯು ನಕ್ಕಿತು. ಅಂದಿನಿಂದ ಆ ಹುಡುಗನು ಹಾಡಲಿಲ್ಲ. ಅವನಿಗೆ ಕೆಲವು ತಿಂಗಳ ಮೌನವನ್ನು ವಿಧಿಸುವ ವಿವೇಕವು ನನಗಿರಲಿಲ್ಲ. ಅಂದು ತಪ್ಪಿದವನು ನಾನೇ. ಬೇರೆ ಯಾರ ಮೇಲೂ ಅದನ್ನು ಹೊರಿಸಲಾರೆ.

ಆದುದರಿಂದ ಸಹೋದ್ಯೋಗಿಗಳಲ್ಲಿ ನನ್ನದೊಂದು ವಿನಂತಿ. ಮಗುವಿನ ಪ್ರತಿಭೆಯನ್ನು ಕಂಡೊಡನೆ ಅದನ್ನು ಮೆರೆಯಿಸುವ ಆಸೆಯು ನಮಗೆ ಸಹಜವಾಗಿ ಬರುತ್ತದೆ. ಬೆಳೆಯಿಸುವ ತಾಳ್ಮೆಯನ್ನು ಮಾತ್ರ ಪ್ರಯತ್ನಪಟ್ಟು ಕಲಿಯಬೇಕಾಗುತ್ತದೆ. ಉದಾರಿಗಳಾದ ದಾನಿಗಳಲ್ಲಿಯೂ ಒಂದು ವಿನಂತಿ. ಕಟ್ಟಡವು ಎದ್ದರೆ ಕಣ್ಣಿಗೆ ಕಾಣುತ್ತದೆ. ವಿದ್ಯಾರ್ಥಿಯೊಬ್ಬನು ಮರೆಯಲ್ಲಿ ಕುಳಿತು ಹತ್ತು ತಿಂಗಳು ಸ್ವರವನ್ನು ಸಾಧಿಸಿದರೆ ತೋರಿಸುವುದಕ್ಕೆ ಏನೂ ಇರುವುದಿಲ್ಲ. ಆ ಹತ್ತು ತಿಂಗಳುಗಳ ಅನ್ನವೂ ವಿದ್ಯಾದಾನವೇ, ಮತ್ತು ಅದರ ಫಲವು ದೊಡ್ಡದು. ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಕಾದುದು ಹೆಚ್ಚಿಲ್ಲ. ಸಾರ್ವಜನಿಕರ ಅನ್ನದಿಂದ ಕಲಿತ ಹೆಣ್ಣುಮಗಳೊಬ್ಬಳು ತಾನು ಉಂಡುದಕ್ಕಿಂತ ಸಾವಿರಪಾಲು ಹೆಚ್ಚಾಗಿ ತಿರುಗಿ ಬಡಿಸಿದಳು; ಮಠದ ಪ್ರಸಾದದಿಂದ ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಶಾರ್ಙ್ಗದೇವನು ಎಣಿಸಿದ ಕಾರಣಗಳಲ್ಲಿ ಭಾಗ್ಯವು ನಮ್ಮ ಕೈಯಲ್ಲಿಲ್ಲ. ತಪಸ್ಸು ಕಲಿಯುವವನದು, ವಿದ್ಯಾದಾನ ಕಲಿಸುವವನದು ಹಾಗೂ ಕೊಡುವವನದು, ಭಕ್ತಿ ಎಲ್ಲರದು. ಇವು ಕೂಡಿದ ಕಡೆಯಲ್ಲಿ ಕಳೆದ ಕಂಠವೂ ಮರಳಿ ಬರುವುದೆಂಬುದಕ್ಕೆ ಜೆನ್ನಿ ಲಿಂಡಳ ಜೀವನವು ಸಾಕ್ಷಿಯಾಗಿದೆ. ನಮ್ಮ ಶಾಲೆಯ ಅಂಗಳದಲ್ಲಿ ಹಾಡುವ ಪ್ರತಿಯೊಂದು ಎಳೆಯ ಕೊರಳಿಗೂ ಅಂತಹ ಕಾಲಾವಕಾಶವೂ ಅಂತಹ ಗುರುವೂ ದೊರೆಯಲೆಂದು ಪರಶಿವನನ್ನು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.